ಕಡಲ ಸಮರಕಥನವೂ ರಸವಿಘ್ನವೂ

ವಿಲಿಯಂ ಬ್ರಿಂಕ್ಲಿಯವರ 1988ರ ಕಾದಂಬರಿಯನ್ನಾಧರಿಸಿ 2014ರಿಂದ 2018ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ‘ದಿ ಲಾಸ್ಟ್ ಶಿಪ್’ ಎಂಬ ದೂರದರ್ಶನ ಧಾರಾವಾಹಿಯು, ಮಹಾಮಾರಿಗೆ ಮದ್ದನ್ನರಸುವ ಯುದ್ಧನೌಕೆಯೊಂದರ ಕಥೆ. (ಮೂಲದಲ್ಲಿದ್ದುದು ಅಣುಯುದ್ಧ.) ಫಿರಂಗಿ, ಕ್ಷಿಪಣಿಗಳ ಆರ್ಭಟವನ್ನು ಪ್ರೇಕ್ಷಕನು ನಿಶ್ಚಿಂತನಾಗಿ ಸವಿಯುವುದೇಕೆ? ಆ ಭಯವು ತನ್ನದಲ್ಲವಾದುದರಿಂದ. 2016ರ ಜೂನ್ 12ರಂದು ಮೂರನೆಯ ಸರಣಿ ತೊಡಗಬೇಕಿತ್ತು. ಅಂದೇ ನಸುಕಿನಲ್ಲಿ ಆರ್ಲಂಡೊ ನಗರದ ನೈಟ್‌ಕ್ಲಬ್ಬೊಂದರಲ್ಲಿ 49 ಮಂದಿ ಗುಂಡಿಗೆ ಬಲಿಯಾದರು. ಆ ಕಂತಿನಲ್ಲಿಯೂ ನೈಟ್‌ಕ್ಲಬ್ಬಿನಲ್ಲೇ ಗುಂಡಿನ ದಾಳಿ! ಪ್ರಸಾರವನ್ನು ಒಂದು ವಾರ ಮುಂದೂಡಿದರು. ಅಭಿನವಗುಪ್ತನು ಎಣಿಸಿದ ಏಳು ರಸವಿಘ್ನಗಳಲ್ಲಿ, ನೋಡುಗನು ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗುವುದೂ ಒಂದು. ವಾರವೊಂದರಲ್ಲಿ ಅದು ತೀರೀತೆ? 2020ರ ಬಳಿಕವಂತೂ ಆ ಮಹಾಮಾರಿಯೂ ಪರರ ಕಥೆಯಾಗಿ ಉಳಿದಿಲ್ಲ.