ಬೂತಾಯಿ ಉತ್ತರಕ್ಕೆ ಹೊರಟಿದ್ದು ಯಾಕೆ? ನಮ್ಮ ತೋಟಕ್ಕೂ ಅದಕ್ಕೂ ಏನು ಸಂಬಂಧ?

ಗೆಳೆಯರೇ, ಈ ವಾರ ಸ್ವಲ್ಪ ಕಡಲ ಕಡೆ ಹೋಗೋಣ. ಮಂಗಳೂರು, ಉಡುಪಿ ಕಡೆ ಬೂತಾಯಿ, ಕಾರವಾರದ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ. ಹೆಸರು ಯಾವುದಾದರೂ ಮೀನು ಒಂದೇ. ಊಟಕ್ಕೂ ಬೇಕು, ತೆಂಗು-ಅಡಿಕೆ ಬುಡಕ್ಕೂ ಬೇಕು.

ಹಳೇ ಗಡಿ ಎಲ್ಲಿತ್ತು?

ನಕ್ಷೆಯಲ್ಲಿ 14 ಡಿಗ್ರಿ ಉತ್ತರ ಅಕ್ಷಾಂಶ ನೋಡಿ. ಅದು ನಮ್ಮ ಭಟ್ಕಳದ ಹತ್ತಿರವೇ ಹಾದುಹೋಗುತ್ತೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ದಾಖಲೆ ಪ್ರಕಾರ, 1985ರವರೆಗೆ ಈ ಗೆರೆಯ ಉತ್ತರಕ್ಕೆ ಬೂತಾಯಿ ಸಿಗುತ್ತಿದ್ದದ್ದು ತೀರಾ ಕಡಿಮೆ. ಆಮೇಲೆ ನಿಧಾನಕ್ಕೆ ಹೆಚ್ಚುತ್ತಾ, 2006ರಲ್ಲಿ ದೇಶದ ಒಟ್ಟು ಬೂತಾಯಿಯ ಸುಮಾರು ಶೇ. 15ರಷ್ಟು 14ರಿಂದ 20 ಡಿಗ್ರಿ ನಡುವೆಯೇ ಸಿಕ್ಕಿತು. ಪೂರ್ವ ಕರಾವಳಿಯಲ್ಲೂ ಅದು ಹರಡಿತು.

ಕಾರಣ ಏನು?

ಮುಂಗಾರಿನಲ್ಲಿ ನಮ್ಮ ಕಡಲ ತಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬರುತ್ತೆ. ಆಗ ಕಣ್ಣಿಗೆ ಕಾಣದ ಸಣ್ಣ ಪಾಚಿ ಸಮೃದ್ಧವಾಗಿ ಬೆಳೆಯುತ್ತೆ. ಬೂತಾಯಿಗೆ ಅದೇ ಹುಲ್ಲುಗಾವಲು. ಕಡಲ ಮೇಲ್ಮೈ ಬಿಸಿಯಾಗುತ್ತಾ ಬಂದ ಹಾಗೆ, ಮೊದಲು ತಂಪು ಅನಿಸುತ್ತಿದ್ದ ಉತ್ತರದ ನೀರೂ ಅದಕ್ಕೆ ಒಗ್ಗತೊಡಗಿತು ಅನ್ನೋದು ವಿಜ್ಞಾನಿಗಳ ವಿವರಣೆ.

ಇಲ್ಲಿ ಒಂದು ಮಾತು ಗಮನಿಸಿ. ಮೀನು ಮನೆ ಖಾಲಿ ಮಾಡಿ ಹೋಗಲಿಲ್ಲ. ಆ ವರ್ಷಗಳಲ್ಲಿ ಹಳೇ ಜಾಗದಲ್ಲೂ ಇತ್ತು, ಹೊಸ ಜಾಗಕ್ಕೂ ಹಬ್ಬಿತು. ಹೊಸ ಕಡೆ ಒಂದು ಸಲ ಬಲೆಗೆ ಬಿದ್ದ ಮಾತ್ರಕ್ಕೆ ಅಲ್ಲಿ ನೆಲೆ ನಿಂತಿದೆ ಅನ್ನೋಕಾಗಲ್ಲ. ವರ್ಷ ವರ್ಷವೂ ಸಿಗಬೇಕು, ಅಲ್ಲೇ ಮೊಟ್ಟೆ ಇಡಬೇಕು. ಪಕ್ಕದ ತೋಟದಲ್ಲಿ ಒಂದು ಗಿಡ ಬದುಕಿತು ಅಂತ ನಾವು ಎಕರೆಗಟ್ಟಲೆ ನೆಡ್ತೀವಾ? ಹಾಗೇ ಇದು.

ಹಬ್ಬಿದೆ ಅಂದರೆ ಸುರಕ್ಷಿತವೇ?

ಅಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಮೀನು, 2021ರಲ್ಲಿ ಕೇವಲ 3,297 ಟನ್‌ಗೆ ಇಳಿಯಿತು. ಎರಡು-ಮೂರು ವರ್ಷವಷ್ಟೇ ಬದುಕುವ ಮೀನಿದು. ಒಂದೆರಡು ಮುಂಗಾರು ಕೈಕೊಟ್ಟರೆ, ಮೇಲಿಂದ ಮರಿಗಳನ್ನೂ ಬಳಿದರೆ, ಕುಸಿತ ಬೇಗ ಕಾಣುತ್ತೆ. ಇದು ಹೊಸದೂ ಅಲ್ಲ: 1940ರ ದಶಕದಲ್ಲೂ ಬೂತಾಯಿ ಹೀಗೇ ಕುಸಿದು, 1943ರಲ್ಲಿ ಮದ್ರಾಸ್ ಸರ್ಕಾರ ಹಿಡಿಯೋದಕ್ಕೆ ನಿರ್ಬಂಧ ಹಾಕಿತ್ತು.

ನಾವು ಮಾಡಬೇಕಾದ್ದು

ಸಾವಯವ ಶುರು ಮಾಡಿದ ಹೊಸದರಲ್ಲಿ, ಅಗ್ಗಕ್ಕೆ ಸಿಕ್ಕಿತು ಅಂತ ಬುಟ್ಟಿಗಟ್ಟಲೆ ಬೆರಳುದ್ದದ ಬೂತಾಯಿ ಮರಿ ತಂದು ತೆಂಗಿನ ಬುಡಕ್ಕೆ ಹಾಕಿದ್ದೆ. ಗೊಬ್ಬರ ಚೆನ್ನಾಗೇ ಆಯ್ತು. ಆದರೆ ಅದು ಮುಂದಿನ ವರ್ಷದ ಬೀಜವನ್ನೇ ಹುರಿದು ತಿಂದ ಹಾಗೆ ಅಂತ ಆಮೇಲೆ ಅರ್ಥವಾಯ್ತು. ಈಗ ಹೀಗೆ ಮಾಡ್ತೀನಿ:

1. 10 ಸೆಂ.ಮೀ.ಗಿಂತ ಸಣ್ಣ ಬೂತಾಯಿಯನ್ನು ಗೊಬ್ಬರಕ್ಕೂ ಕೊಳ್ಳಲ್ಲ. ಕೇರಳದಲ್ಲಿ ಕಾನೂನಿನ ಕನಿಷ್ಠ ಅಳತೆಯೂ ಅದೇ. ನಾವು ಕೊಳ್ಳದಿದ್ದರೆ ಮರಿ ಹಿಡಿಯೋ ಆಸೆಯೂ ಕಡಿಮೆಯಾಗುತ್ತೆ.

2. ಮೀನಂಗಡಿಯ ತಲೆ, ಕರುಳು, ಕಿವಿರು ತರ್ತೀನಿ. 1 ಕೆ.ಜಿ.ಗೆ 1 ಕೆ.ಜಿ. ಬೆಲ್ಲ ಬೆರೆಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆರಳಲ್ಲಿಡಿ. ಡಬ್ಬಿ ತುಂಬಾ ತುಂಬಿಸಬೇಡಿ, ಮುಚ್ಚಳ ಬಿಗಿ ಮಾಡಬೇಡಿ, ಅನಿಲ ಹೊರಹೋಗಬೇಕು. 25-30 ದಿನಕ್ಕೆ ಸೋಸಿ, ಲೀಟರ್ ನೀರಿಗೆ 2-5 ಮಿ.ಲೀ. ಹಾಕಿ ಸಂಜೆ ಸಿಂಪಡಿಸಿ. ಮೊದಲು ನಾಲ್ಕು ಗಿಡಕ್ಕೆ ಹೊಡೆದು ನೋಡಿ.

3. ಕರಾವಳಿಯವರು ಅಪರೂಪದ ಮೀನು ಕಂಡರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಜಾಗ, ದಿನಾಂಕ ಬರೆದಿಡಿ. ಸಿಎಂಎಫ್‌ಆರ್‌ಐ ಕೇಂದ್ರ ಮಂಗಳೂರಲ್ಲೂ ಇದೆ, ಅಲ್ಲಿಗೆ ತಲುಪಿಸಿ.

ಕಡಲು ಬಿಸಿಯಾದರೆ ಮೀನು ಈಜಿ ಹೋಗುತ್ತೆ. ನಮ್ಮ ತೆಂಗು, ಅಡಿಕೆ ನಿಂತಲ್ಲೇ ನಿಂತಿರ್ತವೆ. ಅವುಗಳ ಬುಡದ ತೇವ, ನೆರಳು, ಮುಚ್ಚಿಗೆ ನೋಡಿಕೊಳ್ಳಬೇಕಾದವರು ನಾವೇ.