ಗಿರಾಕಿ ಹುಡುಕುವ ಪದ ಯಾವುದು?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಸಾಗಿದರೆ ಚನ್ನಪಟ್ಟಣ ಸಿಗುತ್ತದೆ. ಆಲೆ ಮರವನ್ನು ಲೇತ್ ಯಂತ್ರದಲ್ಲಿ ಕಡೆದು, ಅದಕ್ಕೆ ಬಣ್ಣದ ಅರಗು ಹಿಡಿಸಿ ಮಾಡುವ ಗೊಂಬೆಗಳಿಗೆ ಈ ಊರು ಹೆಸರುವಾಸಿ. ಬಸ್ಸಿನಲ್ಲಿ, ಕಾರಿನಲ್ಲಿ ಹೋಗುವವರು ರಸ್ತೆ ಬದಿಯ ಅಂಗಡಿಗಳ ಮುಂದೆ ನಿಂತು, ಮಕ್ಕಳಿಗೆ ಒಂದೆರಡು ಗೊಂಬೆ ಕೊಂಡು ಮುಂದೆ ಸಾಗುವುದು ಬಹುಕಾಲದ ವಾಡಿಕೆಯಾಗಿತ್ತು. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಈ ಊರನ್ನು ಬಳಸಿಕೊಂಡು ಹೋಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು, ನಿಜ. ಆದರೆ ಹಳೆಯ ರಸ್ತೆಯ ಅಂಗಡಿಯವರಿಗೆ ದಾರಿಹೋಕ ಗಿರಾಕಿ ತಪ್ಪಿಹೋದ. ವ್ಯಾಪಾರ ಇಳಿಯಿತೆಂಬ ಅವರ ಅಳಲು ಪತ್ರಿಕೆಗಳಲ್ಲಿಯೂ ಬಂತು.

ರಸ್ತೆಯ ಬೋರ್ಡನ್ನು ನೋಡುವವರು ಕಡಿಮೆಯಾದಾಗ ಅಂಗಡಿಯವರು ಇನ್ನೊಂದು ಕಡೆ ಬೋರ್ಡು ಹಾಕಬೇಕಾಗುತ್ತದೆ. ಇಂದು ಆ ಇನ್ನೊಂದು ಕಡೆ ಎಂದರೆ ಅಂತರ್ಜಾಲ. ಅಲ್ಲಿ ಜಾಗಕ್ಕೆ ಬರವಿಲ್ಲ. ಯಾರು ಬೇಕಾದರೂ ಒಂದು ಜಾಲತಾಣ ತೆರೆಯಬಹುದು. ಕಷ್ಟವಿರುವುದು ಕಣ್ಣಿಗೆ ಬೀಳುವುದರಲ್ಲಿ. ‘ಗೊಂಬೆ ಅಂಗಡಿ’ ಎಂದು ಯಾರೋ ಹುಡುಕಿದಾಗ ಯಾವ ಅಂಗಡಿ ಮೊದಲು ಕಾಣಬೇಕು, ಯಾವುದು ಹತ್ತನೆಯ ಪುಟದಲ್ಲಿ ಮರೆಯಾಗಬೇಕು ಎಂಬುದನ್ನು ತೀರ್ಮಾನಿಸುವುದು ಸರ್ಚ್ ಎಂಜಿನ್, ಅಂದರೆ ಶೋಧಯಂತ್ರ. ಅದು ಹೇಗೆ ತೀರ್ಮಾನಿಸುತ್ತದೆ? ಪದಗಳಿಗೂ ಈ ತೀರ್ಮಾನಕ್ಕೂ ಏನು ಸಂಬಂಧ? ಪರದೆಯ ಮೇಲೆ ಮಾತಿನಲ್ಲಿ ಬಿಡಿಸಿ ಹೇಳಲು ಕಷ್ಟವಾಗುವ ಒಂದಿಷ್ಟು ಲೆಕ್ಕವನ್ನೂ ಸೇರಿಸಿ ಇಲ್ಲಿ ವಿವರಿಸಿದೆ.

ಪುಸ್ತಕದ ಕೊನೆಯ ಪುಟಗಳು

ನಿಮ್ಮ ಭೌತಶಾಸ್ತ್ರದ ದೊಡ್ಡ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದೆ. ‘ವಕ್ರೀಭವನ’ ಯಾವ ಪುಟದಲ್ಲಿದೆ ಎಂದು ತಿಳಿಯಲು ನೀವು ಇಡೀ ಪುಸ್ತಕವನ್ನು ತಿರುವಿಹಾಕುವುದಿಲ್ಲ, ಸೂಚಿಯನ್ನು ನೋಡುತ್ತೀರಿ. ಶೋಧಯಂತ್ರ ಮಾಡುವುದೂ ಇದನ್ನೇ. ನೀವು ಪ್ರಶ್ನೆ ಕೇಳಿದ ಮೇಲೆ ಅದು ಜಗತ್ತಿನ ಜಾಲತಾಣಗಳನ್ನೆಲ್ಲ ಸುತ್ತಲು ಹೊರಡುವುದಿಲ್ಲ. ಅದರ ತಂತ್ರಾಂಶಗಳು ಮೊದಲೇ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ಸಾಗುತ್ತ, ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಬೃಹತ್ ಸೂಚಿಯನ್ನು ಕಟ್ಟಿಟ್ಟಿರುತ್ತವೆ. ನೀವು ‘ಚನ್ನಪಟ್ಟಣ ಗೊಂಬೆ ಅಂಗಡಿ’ ಎಂದು ಬರೆದ ಕೂಡಲೇ ಆ ಮೂರು ಪದಗಳ ಸಾಲುಗಳನ್ನು ಸೂಚಿಯಿಂದ ತೆಗೆದು, ಹೊಂದುವ ಪುಟಗಳನ್ನು ಆರಿಸಿ, ಒಂದು ಕ್ರಮದಲ್ಲಿ ಜೋಡಿಸಿ ಕೊಡುತ್ತದೆ.

ಹುಡುಕುವವರು ಬರೆಯುವ ಇಂಥ ಪದಗಳಿಗೆ ಕೀವರ್ಡ್ ಎಂದು ಹೆಸರು. ಕನ್ನಡದಲ್ಲಿ ಕೀಲಿಪದ ಎನ್ನಬಹುದು. ಬೀಗಕ್ಕೆ ಕೀಲಿ ಹೊಂದದಿದ್ದರೆ ಬಾಗಿಲು ತೆರೆಯದು. ಹುಡುಕುವ ಪದ ನಿಮ್ಮ ಪುಟದಲ್ಲಿ ಎಲ್ಲಿಯೂ ಇಲ್ಲವಾದರೆ ಆ ಪುಟ ಮುಂದೆ ಬರುವ ಸಂಭವ ಬಹಳ ಕಡಿಮೆ. ಇಂದಿನ ಯಂತ್ರಗಳು ಸಮಾನಾರ್ಥಕ ಪದಗಳನ್ನೂ ಅಲ್ಪಸ್ವಲ್ಪ ಗುರುತಿಸುತ್ತವೆ. ಆದರೂ ಇರುವ ಪದವನ್ನು ಹುಡುಕುವುದು ಇಲ್ಲದ ಪದವನ್ನು ಊಹಿಸುವುದಕ್ಕಿಂತ ಎಂದಿಗೂ ಸುಲಭ.

ಪದಕ್ಕೊಂದು ತೂಕ

ಎಲ್ಲ ಪದಗಳಿಗೂ ಒಂದೇ ಬೆಲೆ ಇರುವುದಿಲ್ಲ. ‘ಅಂಗಡಿ’ ಎಂಬ ಪದ ಲಕ್ಷಾಂತರ ಪುಟಗಳಲ್ಲಿರುತ್ತದೆ. ‘ಚನ್ನಪಟ್ಟಣ’ ಕೆಲವೇ ಪುಟಗಳಲ್ಲಿರುತ್ತದೆ. ಅಪರೂಪದ ಪದವೇ ಹೆಚ್ಚು ಸುಳಿವು ಕೊಡುತ್ತದೆಯಲ್ಲವೆ? ಈ ಸರಳ ವಿಚಾರವನ್ನು ಗಣಿತದ ರೂಪಕ್ಕೆ ತಂದವರು ಇಂಗ್ಲೆಂಡಿನ ವಿಜ್ಞಾನಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್. ಅವರ ಪ್ರಬಂಧ ಪ್ರಕಟವಾದದ್ದು 1972ರಲ್ಲಿ, ಇಂದಿನ ಅಂತರ್ಜಾಲ ಹುಟ್ಟುವ ಎಷ್ಟೋ ಮೊದಲು.

ಒಂದು ಲೆಕ್ಕ ಮಾಡೋಣ. ನಮ್ಮಲ್ಲಿ ಒಟ್ಟು 1000 ಪುಟಗಳಿವೆ ಎಂದಿಟ್ಟುಕೊಳ್ಳಿ. ‘ಅಂಗಡಿ’ 500 ಪುಟಗಳಲ್ಲಿ, ‘ಗೊಂಬೆ’ 100 ಪುಟಗಳಲ್ಲಿ, ‘ಚನ್ನಪಟ್ಟಣ’ 10 ಪುಟಗಳಲ್ಲಿ ಇದೆ. ಒಟ್ಟು ಪುಟಗಳನ್ನು ಆ ಪದವಿರುವ ಪುಟಗಳಿಂದ ಭಾಗಿಸಿ, ಬಂದ ಸಂಖ್ಯೆಗೆ 10ರ ಆಧಾರದ ಲಾಗರಿದಮ್ ತೆಗೆದರೆ ಪದದ ತೂಕ ಸಿಗುತ್ತದೆ. ಅಂಗಡಿಗೆ 2ರ ಲಾಗರಿದಮ್, ಅಂದರೆ ಸುಮಾರು 0.3. ಗೊಂಬೆಗೆ 10ರ ಲಾಗರಿದಮ್, ಅಂದರೆ 1. ಚನ್ನಪಟ್ಟಣಕ್ಕೆ 100ರ ಲಾಗರಿದಮ್, ಅಂದರೆ 2. ಮೂರು ಪದಗಳೂ ಒಂದೊಂದು ಸಲ ಇರುವ ಪುಟಕ್ಕೆ ಒಟ್ಟು 3.3 ಅಂಕ.

ಅಂಗಡಿಯವರಿಗೆ ಇದರಲ್ಲಿ ಒಂದು ಪಾಠವಿದೆ. ‘ಅತ್ಯುತ್ತಮ ಅಂಗಡಿ, ಉತ್ತಮ ಗುಣಮಟ್ಟ, ಮಿತವಾದ ಬೆಲೆ’ ಎಂದು ಬರೆದರೆ ಅವೆಲ್ಲ ಹಗುರ ಪದಗಳು, ಎಲ್ಲರೂ ಬರೆಯುವಂಥವು. ‘ಚನ್ನಪಟ್ಟಣ, ಆಲೆ ಮರ, ಅರಗಿನ ಬಣ್ಣ, ಬುಗುರಿ, ಗಿಲಕಿ’ ಎಂದು ಬರೆದರೆ ಅವು ತೂಕದ ಪದಗಳು. ಊರಿನ ಹೆಸರು, ಕಸುಬಿನ ಹೆಸರು, ವಸ್ತುವಿನ ಹೆಸರು: ಸಣ್ಣ ವ್ಯಾಪಾರಿಯ ನಿಜವಾದ ಬಂಡವಾಳ ಇವೇ.

ಹನ್ನೆರಡು ಸಲ ಬರೆದರೆ?

ಮೇಲಿನ ಲೆಕ್ಕದಲ್ಲಿ ಒಂದು ಕಿಂಡಿ ಇದೆ. ನಿಮ್ಮಲ್ಲಿ ಚುರುಕಾದವರು ಈಗಾಗಲೇ ಗಮನಿಸಿರಬಹುದು. ಪದ ಎಷ್ಟು ಸಲ ಬಂದಿದೆಯೋ ಅಷ್ಟು ಸಲ ಅಂಕ ಕೊಟ್ಟರೆ, ಗೊಂಬೆಗೂ ಚನ್ನಪಟ್ಟಣಕ್ಕೂ ಸಂಬಂಧವೇ ಇಲ್ಲದ ಪುಟವೊಂದು ‘ಅಂಗಡಿ’ ಎಂದು 12 ಸಲ ಬರೆದು 3.6 ಅಂಕ ಗಳಿಸಿ ಮೊದಲ ಸ್ಥಾನಕ್ಕೆ ಬಂದುಬಿಡುತ್ತದೆ! 1990ರ ದಶಕದಲ್ಲಿ ಇಂಥ ಕೈಚಳಕ ಧಾರಾಳವಾಗಿ ನಡೆಯುತ್ತಿತ್ತು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ನೂರಾರು ಪದಗಳನ್ನು ತುಂಬುವುದು ಅಂದಿನ ಒಂದು ಉಪಾಯ: ಓದುಗನಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ.

ಗಣಿತವೇ ಇದಕ್ಕೆ ಮದ್ದು ಕೊಟ್ಟಿತು. ಸ್ಟೀಫನ್ ರಾಬರ್ಟ್‌ಸನ್ ಮತ್ತು ಅವರ ಸಂಗಡಿಗರು ಲಂಡನ್ನಿನಲ್ಲಿ ರೂಪಿಸಿದ ಬಿಎಂ25 ಎಂಬ ಸೂತ್ರದಲ್ಲಿ, ಪದ ಮರುಕಳಿಸಿದಂತೆ ಸಿಗುವ ಲಾಭ ಇಳಿಯುತ್ತ ಹೋಗುತ್ತದೆ. ಬರುವ ಸಂಖ್ಯೆಯನ್ನು 2.2ರಿಂದ ಗುಣಿಸಿ, ಅದೇ ಸಂಖ್ಯೆಗೆ 1.2 ಕೂಡಿಸಿದ ಮೊತ್ತದಿಂದ ಭಾಗಿಸುವುದು ಅದರ ಒಂದು ಸಾಮಾನ್ಯ ರೂಪ. ಪುಟದ ಉದ್ದದ ಲೆಕ್ಕವನ್ನು ಸದ್ಯಕ್ಕೆ ಬದಿಗಿಡೋಣ. ಒಂದು ಸಲ ಬಂದ ಪದಕ್ಕೆ ಉತ್ತರ 1. ಹನ್ನೆರಡು ಸಲ ಬಂದ ಪದಕ್ಕೆ ಉತ್ತರ ಬರೀ 2. ನೂರು ಸಲ ಬರೆದರೂ 2.2 ದಾಟುವುದಿಲ್ಲ. ಈಗ ನಮ್ಮ ಕಳ್ಳ ಪುಟಕ್ಕೆ ಸಿಗುವುದು 0.6 ಅಂಕ, ಪ್ರಾಮಾಣಿಕ ಪುಟದ 3.3 ಹಾಗೆಯೇ ಉಳಿಯುತ್ತದೆ. ಉಪ್ಪು ಒಂದು ಚಿಟಿಕೆಗೆ ರುಚಿ. ಹನ್ನೆರಡು ಚಿಟಿಕೆಗೆ ಅಡುಗೆ ಹಾಳು.

ಇನ್ನೊಂದು ಮದ್ದನ್ನು ತಂದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್. 1998ರಲ್ಲಿ ಗೂಗಲ್ ಸಂಸ್ಥೆಯನ್ನು ಕಟ್ಟಿದವರು ಇವರೇ. ಒಂದು ಪುಟ ತನ್ನ ಬಗ್ಗೆ ತಾನೇ ಏನು ಹೇಳಿಕೊಳ್ಳುತ್ತದೆ ಎನ್ನುವುದರ ಜೊತೆಗೆ, ಬೇರೆ ಪುಟಗಳು ಅದಕ್ಕೆ ಎಷ್ಟು ಕೊಂಡಿ ಕೊಟ್ಟಿವೆ, ಆ ಪುಟಗಳ ಯೋಗ್ಯತೆ ಎಷ್ಟು ಎಂದೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಊರಿನಲ್ಲಿ ನಾಲ್ಕು ಜನ ತಿಳಿದವರು ‘ಆ ಅಂಗಡಿಗೆ ಹೋಗಿ’ ಎಂದರೆ ಅಂಗಡಿಗೆ ಬೆಲೆ ಬರುವಂತೆಯೇ ಇದು.

ಜಾಲತಾಣದ ಒಳಗೆ, ಓದುಗರಿಗೆ ಕಾಣದಂತೆ, ಕೀಲಿಪದಗಳ ಒಂದು ಪಟ್ಟಿ ಬರೆದಿಡುವ ಪದ್ಧತಿಯೂ ಇತ್ತು. ಅದರ ದುರುಪಯೋಗ ಎಷ್ಟಾಯಿತೆಂದರೆ, ಪುಟಗಳ ಕ್ರಮ ನಿರ್ಧರಿಸಲು ಆ ಪಟ್ಟಿಯನ್ನು ತಾನು ಬಳಸುವುದಿಲ್ಲವೆಂದು 2009ರಲ್ಲಿ ಗೂಗಲ್ ಬಹಿರಂಗವಾಗಿ ಹೇಳಿತು. ಅದಕ್ಕೂ ಮೊದಲು, 2006ರ ಫೆಬ್ರುವರಿಯಲ್ಲಿ, ಹೆಸರಾಂತ ಬಿಎಂಡಬ್ಲ್ಯು ಕಾರು ಸಂಸ್ಥೆಯ ಜರ್ಮನ್ ಜಾಲತಾಣವನ್ನೇ ಅದು ತನ್ನ ಸೂಚಿಯಿಂದ ಕಿತ್ತುಹಾಕಿತ್ತು. ‘ಬಳಸಿದ ಕಾರು’ ಎಂಬರ್ಥದ ಪದವನ್ನು ತುಂಬಿದ ಪುಟವನ್ನು ಯಂತ್ರಕ್ಕೆ ತೋರಿಸಿ, ಓದುಗರನ್ನು ಬೇರೆ ಪುಟಕ್ಕೆ ಸಾಗಿಸುತ್ತಿದ್ದುದೇ ಕಾರಣ. ಅಂಥ ಪುಟಗಳನ್ನು ತೆಗೆದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಸೇರಿಸಿಕೊಂಡಿತೆನ್ನಿ. ಅಷ್ಟು ದೊಡ್ಡ ಸಂಸ್ಥೆ ತಡೆದುಕೊಂಡೀತು. ಹಳೆಯ ರಸ್ತೆಯ ಗೊಂಬೆ ಅಂಗಡಿ ತಡೆದುಕೊಂಡೀತೆ?

ಗೊಂಬೆಯೋ, ಬೊಂಬೆಯೋ?

ಈಗ ನಮ್ಮ ಕನ್ನಡಕ್ಕೇ ಸೇರಿದ ಸಮಸ್ಯೆಗೆ ಬರೋಣ. ಅಂಗಡಿಯವರು ಬೋರ್ಡಿನಲ್ಲಿ ‘ಕರಕುಶಲ ಆಟಿಕೆಗಳ ಮಳಿಗೆ’ ಎಂದು ಬರೆಸಿರಬಹುದು. ಗಿರಾಕಿ ‘ಗೊಂಬೆ’ ಎಂದು ಹುಡುಕುತ್ತಾನೆ. ಇನ್ನೊಬ್ಬರು ‘ಬೊಂಬೆ’ ಎನ್ನುತ್ತಾರೆ. ಮತ್ತೊಬ್ಬರು ‘ಮರದ ಆಟದ ಸಾಮಾನು’ ಎನ್ನುತ್ತಾರೆ. ಊರಿನ ಹೆಸರನ್ನೇ ಕೆಲವರು ಚನ್ನಪಟ್ಟಣ ಎಂದು, ಕೆಲವರು ಚೆನ್ನಪಟ್ಟಣ ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಂತೂ ಅದರ ಕಾಗುಣಿತ ಮೂರು ನಾಲ್ಕು ಬಗೆ. ಇದರ ಮೇಲೆ ಕನ್ನಡದ ವಿಭಕ್ತಿಗಳು: ಗೊಂಬೆ, ಗೊಂಬೆಗಳು, ಗೊಂಬೆಯನ್ನು, ಗೊಂಬೆಗಳಿಗೆ, ಗೊಂಬೆಗಳಲ್ಲಿ. ಇವೆಲ್ಲ ಒಂದೇ ಮೂಲದವು ಎಂದು ನಮಗೆ ಹುಟ್ಟಿನಿಂದಲೇ ಗೊತ್ತು. ಯಂತ್ರ ಅದನ್ನು ಕಲಿಯಬೇಕು.

ಅಕ್ಷರದ ತೊಡಕೂ ಇತ್ತು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದ್ದರೂ ಅದು ಬಳಕೆಗೆ ಬರಲು ಹಲವು ವರ್ಷ ಹಿಡಿಯಿತು. ಅದಕ್ಕೆ ಮುಂಚಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಕೂರಿಸಿದಂತಿದ್ದವು. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಬರೆದರೆ ಯಂತ್ರದೊಳಗೆ ಇರುತ್ತಿದ್ದುದು ಇಂಗ್ಲಿಷಿನ ‘ಪಿ’ ಅಕ್ಷರ, ಅದರ ಹಿಂದೆ ಒಂದು ಚಿಹ್ನೆ. ಓದುಗನ ಕಣ್ಣಿಗೆ ಅದು ಕನ್ನಡ. ಶೋಧಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಇಂದಿಗೂ ಅಂಗಡಿಯ ಹೆಸರು, ಬೆಲೆಪಟ್ಟಿಗಳನ್ನು ಒಂದು ಚಿತ್ರದಲ್ಲಿ ಬರೆದು ಹಾಕಿಬಿಡುವವರಿದ್ದಾರೆ. ಚಿತ್ರದೊಳಗಿನ ಅಕ್ಷರ ಸೂಚಿಗೆ ಸೇರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಕನ್ನಡವನ್ನು ಯೂನಿಕೋಡ್ ಅಕ್ಷರಗಳಲ್ಲೇ ಬರೆಯಬೇಕು. ಕನ್ನಡದಲ್ಲಿ ಹುಡುಕುವವರಿಗೆ ಕನ್ನಡದಲ್ಲಿ ಬರೆದವರೇ ಮೊದಲು ಸಿಗುತ್ತಾರೆ. ನಾವು ಬರೆಯದೆ ಬಿಟ್ಟರೆ ಆ ಜಾಗ ಖಾಲಿ ಇರುತ್ತದೆ, ಇಲ್ಲವೆ ಬೇರೆಯವರ ಪಾಲಾಗುತ್ತದೆ.

ಹತ್ತಿರದ ಅಂಗಡಿ

ಸ್ಥಳೀಯ ವ್ಯಾಪಾರಕ್ಕೆ ಇನ್ನೂ ಒಂದು ಮುಖವಿದೆ. ಹುಡುಕುವವನು ನಿಂತಿರುವ ಜಾಗವೂ ಉತ್ತರವನ್ನು ಬದಲಿಸುತ್ತದೆ. ಇಂಥ ಹುಡುಕಾಟದಲ್ಲಿ ಮೂರು ಅಂಶಗಳನ್ನು ಮುಖ್ಯವಾಗಿ ನೋಡುವುದಾಗಿ ಗೂಗಲ್ ಹೇಳುತ್ತದೆ: ಕೇಳಿದ್ದಕ್ಕೂ ಅಂಗಡಿಗೂ ಇರುವ ಹೊಂದಾಣಿಕೆ, ದೂರ, ಮತ್ತು ಅಂಗಡಿಗಿರುವ ಹೆಸರು. ದೂರ ನಮ್ಮ ಕೈಯಲ್ಲಿಲ್ಲ, ಉಳಿದೆರಡು ಇವೆ. ಅಂಗಡಿಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ಜಾಲತಾಣದಲ್ಲಿ, ನಕಾಶೆಯಲ್ಲಿ, ಎಲ್ಲೆಲ್ಲೂ ಒಂದೇ ರೀತಿ ಇರಬೇಕು. ತೆರೆಯುವ, ಮುಚ್ಚುವ ವೇಳೆ ಸರಿಯಾಗಿರಬೇಕು. ‘ಹೊಸ ಹೆದ್ದಾರಿಯಿಂದ ಊರೊಳಗೆ ಎಲ್ಲಿ ಇಳಿಯಬೇಕು’ ಎಂದು ನಾಲ್ಕು ಸಾಲು ಬರೆದರೆ ಗಿರಾಕಿಗೂ ದಾರಿ ಸಿಕ್ಕಿತು, ಯಂತ್ರಕ್ಕೂ ತೂಕದ ಪದಗಳು ಸಿಕ್ಕವು.

ಗಿರಾಕಿಗಳ ಅಭಿಪ್ರಾಯಗಳೂ ಅಂಗಡಿಗೆ ಹೆಸರು ತರುತ್ತವೆ. ಅವನ್ನು ಹಣ ಕೊಟ್ಟು ಬರೆಸುವ ಚಾಳಿ ಬೆಳೆದುದರಿಂದ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಒಂದು ಮಾನಕವನ್ನು ಪ್ರಕಟಿಸಬೇಕಾಯಿತು.

ಬರೆಯುವ ಕ್ರಮ

ನಮ್ಮ ದೂರದರ್ಶನದ ವೃತ್ತಿಯಲ್ಲಿ ಟೇಪು ಭಂಡಾರ ಎಂಬುದೊಂದಿರುತ್ತದೆ. ಪೆಟ್ಟಿಗೆಯ ಮೇಲೆ ‘ಸಂದರ್ಶನ, ಭಾಗ 2’ ಎಂದಷ್ಟೇ ಬರೆದ ಟೇಪು ಎಷ್ಟೇ ಅಮೂಲ್ಯವಾಗಿದ್ದರೂ ಬೇಕಾದಾಗ ಸಿಗುವುದಿಲ್ಲ. ಯಾರ ಸಂದರ್ಶನ, ಯಾವ ಊರು, ಯಾವ ವಿಷಯ, ಯಾವ ವರ್ಷ ಎಂದು ಬರೆದ ಟೇಪು ಇಪ್ಪತ್ತು ವರ್ಷದ ಮೇಲೂ ಕೈಗೆ ಬರುತ್ತದೆ. ಜಾಲತಾಣದ ಪುಟಕ್ಕೂ ಇದೇ ನಿಯಮ. ಪುಟದ ಶೀರ್ಷಿಕೆ ‘ಮುಖಪುಟ’ ಎಂದಿದ್ದರೆ ಏನೂ ತಿಳಿಯದು. ‘ಚನ್ನಪಟ್ಟಣದ ಮರದ ಗೊಂಬೆಗಳು’ ಎಂದು ಬರೆದು, ಪಕ್ಕದಲ್ಲಿ ಅಂಗಡಿಯ ಹೆಸರು ಕೊಟ್ಟರೆ ಎಲ್ಲ ತಿಳಿಯುತ್ತದೆ. ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಪುಟ ಇರಲಿ. ಪ್ರತಿ ಚಿತ್ರದ ಜೊತೆ ಅದು ಏನೆಂದು ಅಕ್ಷರದಲ್ಲಿ ಬರೆಯಿರಿ. ‘ಬೊಂಬೆ ಎಂದೂ ಕರೆಯುತ್ತಾರೆ’ ಎಂದು ಸಹಜವಾದ ಒಂದು ವಾಕ್ಯದಲ್ಲಿ ಇನ್ನೊಂದು ಪದವನ್ನು ಸೇರಿಸಬಹುದು. ಪದಗಳ ರಾಶಿ ಹಾಕಬೇಕಾಗಿಲ್ಲ. ಮೊಬೈಲಿನಲ್ಲಿ ಪುಟ ಬೇಗ ತೆರೆದುಕೊಳ್ಳಬೇಕು.

ಇಲ್ಲದ್ದನ್ನು ಬರೆಯಬಾರದು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇದೆ. ಬೇರೆಡೆ ಮಾಡಿದ ಪ್ಲಾಸ್ಟಿಕ್ ಆಟಿಕೆಗೆ ಆ ಊರಿನ ಹೆಸರಿಟ್ಟು ಗಿರಾಕಿಯನ್ನು ಸೆಳೆಯುವುದು ಕಾನೂನಿಗೂ ವಿರುದ್ಧ, ಲೇತಿನ ಮುಂದೆ ದಿನವಿಡೀ ಕೂತ ಕುಶಲಕರ್ಮಿಯ ಅನ್ನಕ್ಕೂ ಕುತ್ತು. ‘ಮೊದಲ ಸ್ಥಾನ ಖಾತರಿ’ ಎಂದು ಹಣ ಕೇಳುವವರನ್ನೂ ದೂರವಿಡಿ. ಹಣ ಕೊಟ್ಟರೆ ಜಾಹೀರಾತಿನ ಜಾಗ ಸಿಗುತ್ತದೆ. ಅದು ಹಣ ಕೊಟ್ಟು ಪಡೆದ ಜಾಗ ಎಂದು ತಿಳಿಸುವ ಗುರುತು ಅದರ ಮೇಲೆ ಇರುತ್ತದೆ. ಸಹಜ ಫಲಿತಾಂಶದ ಮೊದಲ ಸ್ಥಾನವನ್ನು ಯಾರೂ ಮಾರಲಾರರು. ಪುಟ ಸರಿಪಡಿಸಿದ ಮರುದಿನವೇ ಫಲ ಬರುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ.

2024ರಿಂದ ಭಾರತದಲ್ಲಿಯೂ ಗೂಗಲ್ ಹಲವು ಪ್ರಶ್ನೆಗಳಿಗೆ ಯಂತ್ರವೇ ಸಿದ್ಧಪಡಿಸಿದ ಸಾರಾಂಶವನ್ನು ಮೊದಲು ತೋರಿಸತೊಡಗಿದೆ. ಆ ಸಾರಾಂಶಕ್ಕೂ ಸಾಮಗ್ರಿ ಬೇಕು. ಅದು ಬರುವುದು ಯಾರೋ ಬರೆದ ಪುಟಗಳಿಂದಲೇ. ಆದ್ದರಿಂದ ಸ್ಪಷ್ಟವಾದ, ನಿಜವಾದ ಮಾತಿಗೆ ಇನ್ನೂ ಬೆಲೆ ಇದೆ.

ವಿದ್ಯಾರ್ಥಿಗಳೆ, ನಿಮ್ಮ ಊರಿನಲ್ಲಿಯೂ ಒಂದು ಸಣ್ಣ ಅಂಗಡಿ, ಒಂದು ಮಗ್ಗ, ಒಂದು ಹಪ್ಪಳದ ಮನೆ ಇದ್ದೀತು. ಒಂದು ಸಂಜೆ ಅಲ್ಲಿ ಕುಳಿತು, ಬರುವ ಗಿರಾಕಿಗಳು ಬಾಯಿಬಿಟ್ಟು ಕೇಳುವ ಮಾತುಗಳನ್ನು ಹಾಗೆಯೇ ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಿ. ಅನಂತರ ಅದೇ ಮಾತುಗಳನ್ನು ಶೋಧಯಂತ್ರಕ್ಕೆ ಕೊಟ್ಟು, ಆ ಅಂಗಡಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ, ಪುಟ ಬರೆಯಲು ಎಲ್ಲಿಂದ ಆರಂಭಿಸಬೇಕು ಎಂಬುದು ನಿಮ್ಮ ನೋಟ್ ಬುಕ್ಕಿನಲ್ಲಿಯೇ ಇರುತ್ತದೆ.