ಮೊಬೈಲಿನಲ್ಲಿ ಇಂಗ್ಲಿಷ್ ಓದು

ರೋಣ, ನರಗುಂದ, ಗಜೇಂದ್ರಗಡದ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪುಸ್ತಕದಲ್ಲಿ ಸಿಗುತ್ತದೆ, ಕಿವಿಗೆ ಬೀಳುವುದು ಅಪರೂಪ. ಈ ಕೊರತೆಯನ್ನು ಆ್ಯಪ್‌ಗಳು ಒಂದಿಷ್ಟು ತುಂಬಬಲ್ಲವು. 2017ರಲ್ಲಿ ಆರಂಭವಾದ ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ಗೂಗಲ್ 2019ರಲ್ಲಿ ‘ಬೋಲೊ’ ಎಂದು ಭಾರತಕ್ಕೆ ತಂದ ರೀಡ್ ಅಲಾಂಗ್‌ನದು ಬೇರೆಯೇ ದಾರಿ. ಮಗು ಕಥೆಯನ್ನು ಗಟ್ಟಿಯಾಗಿ ಓದುತ್ತದೆ, ಆ್ಯಪ್ ಕೇಳಿಸಿಕೊಳ್ಳುತ್ತದೆ. ತಡವರಿಸಿದ ಪದವನ್ನು ಬೆರಳಿನಿಂದ ಮುಟ್ಟಿದರೆ ‘ದಿಯಾ’ ಎಂಬ ಗೊಂಬೆ ಉಚ್ಚರಿಸಿ ತೋರಿಸುತ್ತದೆ. ಮೊದಲೇ ಇಳಿಸಿಕೊಂಡ ಕಥೆಗಳಿಗೆ ನೆಟ್ ಬೇಡ. ದಿನದ ಡೇಟಾ ಸಂಜೆಗೇ ಮುಗಿದಿರುವ ಮನೆಗಳಲ್ಲಿ ಇದು ಸಣ್ಣ ಅನುಕೂಲವೇನಲ್ಲ. ಆದರೆ ಓದುವುದೇ ಬೇರೆ, ಮಾತಾಡುವುದೇ ಬೇರೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ಬಿಟ್ಟ ಸ್ಥಳ ತುಂಬಿ ಅಂಕ ಗಳಿಸುವ ಆಟ ಈ ಜೋಡಣೆಯನ್ನು ಕಲಿಸದು. ಅದಕ್ಕೆ ಎದುರಿಗೊಬ್ಬ ಮೇಷ್ಟ್ರೋ ಗೆಳೆಯನೋ ಬೇಕು.